ಬ್ರಾಕ್ ಚಿತ್ರ, ವಿಯೋನ್ ಕೈ: ಕ್ಯೂಬಿಸ್ಟ್ ಪ್ರಿಂಟ್ ಕೊಳ್ಳುವ ಮುನ್ನ

ಪ್ರಶ್ನೆ: ನಮಸ್ಕಾರ ಸರ್. ನಾನು ನಿವೃತ್ತ ಶಿಕ್ಷಕಿ. ನಮ್ಮ ತಂದೆ ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದರು. ಈಗ ನಾವು ಧಾರವಾಡದಲ್ಲಿ ಮನೆ ಕಟ್ಟಿದ್ದೇವೆ. ಕ್ಯೂಬಿಸ್ಟ್ ಚಿತ್ರಗಳೆಂದರೆ, ವಸ್ತುಗಳನ್ನು ಕೋನ ಕೋನವಾಗಿ ಒಡೆದು ಜೋಡಿಸಿದಂತೆ ಕಾಣುವ ಆ ಚಿತ್ರಗಳೆಂದರೆ, ನನಗೆ ಬಹಳ ಇಷ್ಟ. ಫ್ರಾನ್ಸಿನಲ್ಲಿರುವ ಮಗಳು ಮೂರು ಪ್ರಿಂಟ್ ನೋಡಿಟ್ಟಿದ್ದಾಳೆ. ಒಂದು, ಫ್ರೆಂಚ್ ಚಿತ್ರಕಾರ ಬ್ರಾಕ್ ಅವರ ಚಿತ್ರವನ್ನು ನೋಡಿ ಜಾಕ್ ವಿಯೋನ್ 1920ರ ದಶಕದಲ್ಲಿ ಮಾಡಿದ ಬಣ್ಣದ ಅಕ್ವಾಟಿಂಟ್, ಅಂದರೆ ತಾಮ್ರದ ತಗಡಿನಿಂದ ತೆಗೆದ ಅಚ್ಚು. ಎರಡು, ಪಿಕಾಸೊ ಮೊಮ್ಮಗಳು ಮರೀನಾ ಪಿಕಾಸೊ ಸಂಗ್ರಹದ ಮುದ್ರೆ ಇರುವ ಲಿಥೊ, ಅಂದರೆ ಕಲ್ಲಚ್ಚು. ಮೂರು, ಪಿಕಾಸೊ ಸಹಿ ಇದೆ ಎನ್ನುವ, ಸರ್ಟಿಫಿಕೇಟ್ ಸಮೇತ ಬರುವ ‘ಲಿಮಿಟೆಡ್ ಎಡಿಷನ್’ ಜಿಕ್ಲೆ ಎಂಬ ಪ್ರಿಂಟ್. ಇವೆಲ್ಲ ನಕಲುಗಳೇ ಅಲ್ವಾ? ದುಡ್ಡು ಹಾಕಬಹುದಾ? ನಮ್ಮ ಮಳೆಗಾಲದಲ್ಲಿ ಕಾಗದ ಉಳಿಯುತ್ತದಾ?

ಉತ್ತರ: ಮೊದಲು ನೇರ ಉತ್ತರ ಕೊಡುತ್ತೇನೆ. ವಿಯೋನ್ ಪ್ರಿಂಟ್ ನಿಜವಾದದ್ದೇ ಆಗಿದ್ದರೆ, ಕಾಗದ ಚೆನ್ನಾಗಿದ್ದರೆ, ಅದನ್ನೇ ತೆಗೆದುಕೊಳ್ಳಿ. ಮರೀನಾ ಸಂಗ್ರಹದ ಲಿಥೊ ಸುಳ್ಳು ವಸ್ತುವಲ್ಲ, ಆದರೆ ಪಿಕಾಸೊ ಹೆಸರಿನ ಬೆಲೆ ಕೇಳಿದರೆ ಬೇಡ. ಮೂರನೆಯದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಈಗ ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಪ್ರೆಸ್ ನಡೆಸಿದವರ ಮಗಳು ನೀವು, ಮುದ್ರಣದ ಮಾತು ನಿಮಗೆ ಹೊಸದಲ್ಲ, ಹಾಗಾಗಿ ಬಿಡಿಸಿಯೇ ಬರೆಯುತ್ತೇನೆ.

ಒಬ್ಬ ಚಿತ್ರಕಾರ ಬರೆದ ಚಿತ್ರವನ್ನು ನೋಡಿಕೊಂಡು ಇನ್ನೊಬ್ಬ ಪ್ಲೇಟು ಅಥವಾ ಕಲ್ಲು ತಯಾರಿಸಿ ಪ್ರಿಂಟ್ ತೆಗೆಯುವುದು ಬಹಳ ಹಳೆಯ ಕಸುಬು. ಇದು ನಮಗೂ ಗೊತ್ತಿರುವುದೇ. ನಮ್ಮ ಕಡೆಯ ಹಳೆಯ ಮನೆಗಳ ದೇವರ ಕೋಣೆಯಲ್ಲಿ ರವಿವರ್ಮ ಪ್ರೆಸ್ಸಿನ ಲಕ್ಷ್ಮಿಯೋ ಸರಸ್ವತಿಯೋ ಇರುತ್ತದಲ್ಲ, ಸೀರೆಗೆ ಜರಿ ಅಂಟಿಸಿದ್ದು, ಅದೂ ಇದೇ ಜಾತಿಯದು. ಚಿತ್ರ ರವಿವರ್ಮರದು. 1894ರಲ್ಲಿ ಮುಂಬೈಯಲ್ಲಿ ಶುರುವಾದ ಆ ಪ್ರೆಸ್ಸಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ತಯಾರಿಸಿದವರು ಬೇರೆ ಕುಶಲಕರ್ಮಿಗಳು. ಅದನ್ನು ನಾವು ನಕಲು ಎಂದು ಕರೆದು ಮೂಲೆಗೆ ಹಾಕಿಲ್ಲ. ಯಾರ ಕೈ ಎಲ್ಲಿವರೆಗೆ ಕೆಲಸ ಮಾಡಿದೆ ಎಂಬುದು ಗೊತ್ತಿದ್ದರೆ ಸಾಕು. ವಿದೇಶಿ ಕ್ಯಾಟಲಾಗುಗಳಲ್ಲಿ ಹೆಸರಿಗೆ ಮುಂಚೆ ‘ಆಫ್ಟರ್’ ಅಥವಾ ‘ದಾಪ್ರೆ’ ಎಂದು ಇದ್ದರೆ ಚಿತ್ರ ಅವರದು, ಪ್ಲೇಟು ಇನ್ನೊಬ್ಬರದು ಎಂದರ್ಥ. ಒಳ್ಳೆಯ ಮಾರಾಟಗಾರರು ಇದನ್ನು ದಪ್ಪ ಅಕ್ಷರದಲ್ಲೇ ಬರೆಯುತ್ತಾರೆ. ಮುಚ್ಚಿಡುವವರ ಹತ್ತಿರ ವ್ಯವಹಾರ ಬೇಡ.

ಕ್ಯೂಬಿಸಂನಲ್ಲಿ ಈ ಬಗೆಯ ಪ್ರಿಂಟುಗಳು ಯಾಕೆ ಮುಖ್ಯ ಅಂದರೆ, ಕ್ಯೂಬಿಸ್ಟರು ತಾವೇ ಮಾಡಿದ ಪ್ರಿಂಟುಗಳು ಬಹಳ ಕಡಿಮೆ. 1911ರಲ್ಲಿ ಚಿತ್ರಗಳ ವ್ಯಾಪಾರಿ ಕಾನ್‌ವೈಲರ್ ಪ್ರಕಟಿಸಿದ ಕವಿ ಮಾಕ್ಸ್ ಜಾಕೋಬ್ ಅವರ ಪುಸ್ತಕಕ್ಕೆ ಪಿಕಾಸೊ ನಾಲ್ಕು ಎಚ್ಚಿಂಗ್, ಅಂದರೆ ತಗಡಿನ ಗೆರೆಗಳನ್ನು ಆಸಿಡ್‌ನಿಂದ ಕೊರೆಸಿ ತೆಗೆಯುವ ಪ್ರಿಂಟ್, ಮಾಡಿಕೊಟ್ಟರು. ಅದೇ ಹೊತ್ತಿನಲ್ಲಿ ಬ್ರಾಕ್ ‘ಫಾಕ್ಸ್’ ಎಂಬ ಡ್ರೈಪಾಯಿಂಟ್, ಅಂದರೆ ತಗಡನ್ನು ಸೂಜಿಯಿಂದ ನೇರ ಗೀರಿ ತೆಗೆಯುವ ಪ್ರಿಂಟ್, ಮಾಡಿದರು. ಅದು ಪ್ಯಾರಿಸ್ಸಿನ ಒಂದು ಬಾರಿನ ಹೆಸರು, 100 ಪ್ರತಿ ತೆಗೆದರು. ಬ್ರಾಕ್ ಗೀರಿದ ಆ ಕಾಲದ ಇನ್ನೂ ಕೆಲವು ಪ್ಲೇಟುಗಳು ಹಾಗೇ ಉಳಿದು, 1950ರ ದಶಕದಲ್ಲಿ ಮಾಗ್ ಗ್ಯಾಲರಿಯವರ ಮೂಲಕ ಹೊರಬಂದವು. ಈ ಮೂಲ ಪ್ರಿಂಟುಗಳು ನಮ್ಮಂಥವರ ಕೈಗೆ ಸಿಗುವ ಬೆಲೆಯಲ್ಲಿ ಇಲ್ಲ. ಮತ್ತೆ ಅವು ಹೆಚ್ಚಾಗಿ ಕಪ್ಪು-ಬಿಳುಪು. ಬಣ್ಣದ ಕ್ಯೂಬಿಸಂ ಗೋಡೆಯ ಮೇಲೆ ಬೇಕು, ಅದೂ ಆ ತಲೆಮಾರಿನ ಕೈಯಿಂದಲೇ ಬಂದಿರಬೇಕು ಅಂದರೆ ಉಳಿಯುವ ಹೆಸರು ವಿಯೋನ್.

ಈ ಮನುಷ್ಯನ ಬಗ್ಗೆ ಸ್ವಲ್ಪ ಹೇಳಲೇಬೇಕು. ಹುಟ್ಟಿದ್ದು 1875ರಲ್ಲಿ, ನಾರ್ಮಂಡಿಯಲ್ಲಿ. ಮೂಲ ಹೆಸರು ಗಾಸ್ತೋನ್ ದುಶಾಂ. ಹೆಸರಾಂತ ಕಲಾವಿದ ಮಾರ್ಸೆಲ್ ದುಶಾಂ ಇವರ ಖಾಸಾ ತಮ್ಮ. ಎಚ್ಚಿಂಗ್ ಕಲಿತದ್ದು ತಾಯಿಯ ತಂದೆಯಿಂದ, ಅವರೂ ಪ್ಲೇಟು ಕೊರೆಯುವವರೇ. ಕಾನೂನು ಓದಲು ಪ್ಯಾರಿಸ್ಸಿಗೆ ಹೋದವರು ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುತ್ತಾ ಅಲ್ಲೇ ಉಳಿದರು. 1912ರ ಹೊತ್ತಿಗೆ ಪೂರ್ತಿ ಕ್ಯೂಬಿಸ್ಟ್ ಆಗಿದ್ದರು. 1913ರಲ್ಲಿ ಅವರು ಮಾಡಿದ ದೊಡ್ಡ ಡ್ರೈಪಾಯಿಂಟುಗಳು, ಊಟದ ಮೇಜು, ನಟ ಫೆಲಿಕ್ಸ್ ಬಾರೆ ಅವರ ಭಾವಚಿತ್ರ, ಇವತ್ತಿಗೂ ಕ್ಯೂಬಿಸ್ಟ್ ಪ್ರಿಂಟುಗಳಲ್ಲಿ ಮೇಲಿನ ಸಾಲಿನವು. ಆದರೆ ಮೊದಲ ಮಹಾಯುದ್ಧ ಮುಗಿದ ಮೇಲೆ ಅವರ ಸ್ವಂತ ಚಿತ್ರಗಳನ್ನು ಕೊಳ್ಳುವವರು ಇರಲಿಲ್ಲ. ಹೊಟ್ಟೆಪಾಡು ನಡೆಯಬೇಕಲ್ಲ. 1922ರಿಂದ ಸುಮಾರು 1930ರವರೆಗೆ ಪ್ಯಾರಿಸ್ಸಿನ ಬೆರ್ನೈಮ್-ಜೂನ್ ಗ್ಯಾಲರಿಗೆ ಬೇರೆಯವರ ಚಿತ್ರಗಳನ್ನು ಬಣ್ಣದ ಅಕ್ವಾಟಿಂಟಿಗೆ ಇಳಿಸಿಕೊಡುವ ಕೆಲಸ ಹಿಡಿದರು. ಸೆಜಾನ್, ಮಾತೀಸ್, ಬೊನಾರ್, ದ್ಯುಫಿ, ಪಿಕಾಸೊ, ಬ್ರಾಕ್. ಹೆಚ್ಚಿನವು 200 ಪ್ರತಿಯ ಆವೃತ್ತಿ. 1934ರಲ್ಲಿ ತಮ್ಮನ ‘ವಧು’ ಚಿತ್ರವನ್ನೂ ಹೀಗೇ ಮಾಡಿದರು. ಇವರ ಹಿರಿಮೆ ಜಗತ್ತಿಗೆ ತಿಳಿದದ್ದು ತಡವಾಗಿ, 1956ರಲ್ಲಿ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಚಿತ್ರಕಲೆಯ ದೊಡ್ಡ ಬಹುಮಾನ ಬಂದಾಗ ವಯಸ್ಸು 80 ದಾಟಿತ್ತು.

ಈಗ ಯೋಚಿಸಿ. ಬ್ರಾಕ್ ಚಿತ್ರವನ್ನು ಪ್ಲೇಟಿಗೆ ಇಳಿಸಿದವರು ಯಾರೋ ಕೂಲಿ ಕೆಲಸಗಾರರಲ್ಲ, ಅದೇ ಕಾಲದ, ಅದೇ ಪ್ರಶ್ನೆಗಳ ಜೊತೆ ಗುದ್ದಾಡಿದ ಇನ್ನೊಬ್ಬ ಕ್ಯೂಬಿಸ್ಟ್. ಯಾವ ಗೆರೆ ಚಿತ್ರವನ್ನು ಹಿಡಿದು ನಿಲ್ಲಿಸಿದೆ, ಯಾವ ಬೂದುಬಣ್ಣ ಹಿಂದೆ ಸರಿಯಬೇಕು, ಅವರಿಗೆ ಗೊತ್ತಿತ್ತು. ನೀವು ದುಡ್ಡು ಕೊಡುತ್ತಿರುವುದು ಈ ತಿಳಿವಳಿಕೆಗೆ, ಈ ಕೈಗೆ. ಬ್ರಾಕ್ ಹೆಸರಿಗಲ್ಲ. ಈ ಒಂದು ಮಾತು ಮನಸ್ಸಿನಲ್ಲಿ ಇದ್ದರೆ ಮುಂದೆ ಯಾವ ಪ್ರಿಂಟ್ ಎದುರಿಗೆ ಬಂದರೂ ನೀವೇ ನಿರ್ಧಾರ ಮಾಡಬಹುದು.

ಅಕ್ವಾಟಿಂಟ್ ಹೇಗೆ ಆಗುತ್ತದೆ ಅಂತ ತಿಳಿದರೆ ಇದು ಇನ್ನೂ ಸ್ಪಷ್ಟ ಆಗುತ್ತದೆ. ತಾಮ್ರದ ತಗಡಿನ ಮೇಲೆ ರಾಳದ ಸಣ್ಣ ಪುಡಿ ಉದುರಿಸುತ್ತಾರೆ. ಕೆಳಗಿನಿಂದ ಬಿಸಿ ಕೊಟ್ಟರೆ ಪುಡಿ ಕರಗಿ ಚುಕ್ಕೆಚುಕ್ಕೆಯಾಗಿ ತಗಡಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆಸಿಡ್‌ನಲ್ಲಿ ಮುಳುಗಿಸಿದಾಗ ಆಸಿಡ್ ಆ ಚುಕ್ಕೆಗಳ ನಡುವಿನ ಜಾಗವನ್ನು ಮಾತ್ರ ತಿನ್ನುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ತಿಳಿ ಬಣ್ಣ, ಜಾಸ್ತಿ ಹೊತ್ತು ಬಿಟ್ಟರೆ ಗಾಢ. ಎಲ್ಲಿ ಸಾಕು ಅನ್ನಿಸುತ್ತದೋ ಅಲ್ಲಿ ವಾರ್ನಿಷ್ ಹಚ್ಚಿ ಮುಚ್ಚಿ ಮತ್ತೆ ಮುಳುಗಿಸಬೇಕು. ಬಣ್ಣದ ಪ್ರಿಂಟಿಗೆ ಇಂಥ ಹಲವು ತಗಡು ಬೇಕು, ಎಲ್ಲವೂ ಒಂದೇ ಹಾಳೆಯ ಮೇಲೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ರಿಜಿಸ್ಟರ್ ತಪ್ಪುವುದು ಎಂದರೆ ಏನು ಅಂತ ನಿಮ್ಮ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಕಷ್ಟ ಇನ್ನೂ ಹೆಚ್ಚು, ಯಾಕೆಂದರೆ ಹಾಳೆಯನ್ನು ಒದ್ದೆ ಮಾಡಿಯೇ ಅಚ್ಚು ಹಾಕಬೇಕು, ಒದ್ದೆ ಕಾಗದ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ.

ಇನ್ನೊಂದು ವಿಷಯ ನಾನು ಎಲ್ಲರಿಗೂ ಹೇಳುತ್ತೇನೆ. ಚಿತ್ರಕ್ಕೂ ಅಚ್ಚಿನ ವಿಧಾನಕ್ಕೂ ಹೊಂದಾಣಿಕೆ ಇದೆಯಾ ನೋಡಿ. 1910ರಿಂದ 1912ರವರೆಗಿನ ಕ್ಯೂಬಿಸಂನಲ್ಲಿ ಬಣ್ಣ ಕಡಿಮೆ. ಮಣ್ಣಿನ ಬಣ್ಣ, ಬೂದಿ ಬಣ್ಣ, ಸಣ್ಣ ಸಣ್ಣ ಮುರಿದ ಕುಂಚದ ಗೆರೆ. ಇದಕ್ಕೆ ಅಕ್ವಾಟಿಂಟ್ ಹೇಳಿ ಮಾಡಿಸಿದ ಹಾಗಿದೆ. 1912ರಲ್ಲಿ ಬ್ರಾಕ್ ಮತ್ತು ಪಿಕಾಸೊ ಕಾಗದ ಕತ್ತರಿಸಿ ಅಂಟಿಸಲು ಶುರು ಮಾಡಿದರು. ಬ್ರಾಕ್ ಬಣ್ಣಕ್ಕೆ ಮರಳು ಸೇರಿಸಿದರು, ಮನೆ ಬಣ್ಣದವರ ಬಾಚಣಿಗೆಯಿಂದ ಮರದ ನಾರಿನ ಗುರುತು ಎಳೆದರು. ಅವರ ಮನೆತನದ ಕಸುಬೇ ಅದು. ಆ ಕಾಲದ ಚಿತ್ರಗಳಲ್ಲಿ ಆಕಾರಗಳು ಚಪ್ಪಟೆ, ಅಂಚುಗಳು ಕತ್ತರಿಸಿದ ಹಾಗೆ. ಅಂಥವಕ್ಕೆ ಪೊಶ್ವಾರ್ ಚೆನ್ನಾಗಿ ಒಪ್ಪುತ್ತದೆ. ಪೊಶ್ವಾರ್ ಎಂದರೆ ತೆಳು ತಗಡಿನಲ್ಲಿ ಆಕಾರ ಕತ್ತರಿಸಿ, ಅದರೊಳಗೆ ಕುಂಚದಿಂದ ಕೈಯಲ್ಲೇ ಬಣ್ಣ ತುಂಬುವುದು. ಪ್ಯಾರಿಸ್ಸಿನ ದಾನಿಯೆಲ್ ಜಾಕೊಮೆ ಇದರಲ್ಲಿ ನಿಪುಣರು. ಪಿಕಾಸೊ ಬರೆದ ನೃತ್ಯನಾಟಕದ ವೇಷಭೂಷಣದ ಚಿತ್ರಗಳನ್ನು 1920ರಲ್ಲಿ ಪಾಲ್ ರೋಸನ್‌ಬರ್ಗ್ ಪ್ರಕಟಿಸಿದಾಗ ಪೊಶ್ವಾರ್ ಮಾಡಿದ್ದು ಅವರೇ. ನನಗಂತೂ ಒಳ್ಳೆಯ ಪೊಶ್ವಾರ್ ಕೈಗೆ ಬಂದರೆ ಬಿಡಲು ಮನಸ್ಸಾಗುವುದಿಲ್ಲ. ಆ ಬಣ್ಣ ಯಾವ ಮಷಿನ್ನಿನಿಂದಲೂ ಬರುವುದಿಲ್ಲ.

ಮರೀನಾ ಸಂಗ್ರಹದ ವಿಷಯಕ್ಕೆ ಬರುತ್ತೇನೆ. ಪಿಕಾಸೊ ತೀರಿಕೊಂಡದ್ದು 1973ರಲ್ಲಿ. ಮೊಮ್ಮಗಳು ಮರೀನಾ ಪಾಲಿಗೆ ಬಂದ ಚಿತ್ರಗಳಿಂದ ಆಯ್ದು, 1979ರಿಂದ 1982ರ ನಡುವೆ ಲಿಥೊಗಳನ್ನು ತೆಗೆಸಿದರು. ಆರ್ಶ್ ಎಂಬ ಫ್ರೆಂಚ್ ಕಾಗದ, 500 ಪ್ರತಿ, ಮರೀನಾ ಅವರ ಪೆನ್ಸಿಲ್ ಸಹಿ. ಕೆಲಸ ಮಾಡಿದ ಮಾರ್ಸೆಲ್ ಸಲಿನಾಸ್ ಚಿಲ್ಲರೆ ಮನುಷ್ಯರಲ್ಲ, ಪಿಕಾಸೊ ಬದುಕಿದ್ದಾಗ 1969ರಲ್ಲಿ ಅವರು ಬರೆದ 29 ಭಾವಚಿತ್ರಗಳನ್ನು ಲಿಥೊ ಮಾಡಿಕೊಟ್ಟವರು. ಆದ್ದರಿಂದ ಇದು ಪ್ರಾಮಾಣಿಕವಾದ ವಸ್ತುವೇ. ಆದರೆ ಪಿಕಾಸೊ ಈ ಹಾಳೆಗಳನ್ನು ಕಣ್ಣಿನಿಂದ ನೋಡಿಲ್ಲ, ಕೈಯಿಂದ ಮುಟ್ಟಿಲ್ಲ. ಒಂದೊಂದೂ 500 ಪ್ರತಿ, ಅದರ ಮೇಲೆ ಬೇರೆ ಪ್ರೂಫ್ ಪ್ರತಿಗಳು. ಸಿಗದ ವಸ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಇವು ಹರಾಜಿಗೆ ಮತ್ತೆ ಮತ್ತೆ ಬರುತ್ತವೆ. ಹಳೆಯ ಹರಾಜಿನ ಬೆಲೆಗಳು ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ, ಅದೇ ಚಿತ್ರ ಎಷ್ಟಕ್ಕೆ ಹೋಗಿದೆ ನೋಡಿ, ಆಮೇಲೆ ಗ್ಯಾಲರಿಯ ಬೆಲೆ ಪಕ್ಕದಲ್ಲಿಟ್ಟು ನೋಡಿ. ಹರಾಜಿನವರು ಕೂಗಿದ ಬೆಲೆಯ ಮೇಲೆ ತಮ್ಮ ಕಮಿಷನ್ ಹಾಕುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೂರನೆಯದು ಜಿಕ್ಲೆ. ಅದು ಇಂಕ್‌ಜೆಟ್ ಪ್ರಿಂಟ್, ಅಷ್ಟೇ. ‘ಸಹಿ ಇದೆ’ ಅಂದರೆ ಮೂಲ ಚಿತ್ರದಲ್ಲಿದ್ದ ಸಹಿಯೂ ಚಿತ್ರದ ಜೊತೆ ಪ್ರಿಂಟ್ ಆಗಿದೆ ಅಂತ. ಸರ್ಟಿಫಿಕೇಟ್ ಕೊಡುವವರು ಮಾರುವವರೇ. ಸುಮ್ನೆ ಗೋಡೆಗೆ ಒಂದು ಪೋಸ್ಟರ್ ಬೇಕು ಅಂದರೆ ಅದಕ್ಕೆ ಫ್ರಾನ್ಸಿನಿಂದ ತರಿಸಬೇಕಾಗಿಲ್ಲ. ಹ್ವಾನ್ ಗ್ರಿಸ್ ಎಂಬ ಇನ್ನೊಬ್ಬ ಕ್ಯೂಬಿಸ್ಟ್ ಚಿತ್ರಕಾರ ತೀರಿಕೊಂಡದ್ದು 1927ರಲ್ಲಿ. ನಮ್ಮ ದೇಶದಲ್ಲಿ ಚಿತ್ರಕಾರ ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್, ಅದು ಯಾವಾಗಲೋ ಮುಗಿದಿದೆ. 1912ರಲ್ಲಿ ಗ್ರಿಸ್ ಬರೆದ ಪಿಕಾಸೊ ಭಾವಚಿತ್ರ ಶಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿದೆ, ಅವರು ಅದರ ದೊಡ್ಡ ಫೈಲನ್ನು ಉಚಿತವಾಗಿಯೇ ಕೊಡುತ್ತಾರೆ. ಹುಬ್ಬಳ್ಳಿಯಲ್ಲಿ ಒಳ್ಳೆಯ ಡಿಜಿಟಲ್ ಪ್ರಿಂಟ್ ಹಾಕುವವರ ಹತ್ತಿರ ದಪ್ಪ ಮ್ಯಾಟ್ ಕಾಗದದ ಮೇಲೆ ತೆಗೆಸಿ ಹಾಕಿ. ಅದೂ ನೋಡಲು ಸಂತೋಷವೇ.

ಇನ್ನು ಪರೀಕ್ಷೆ. ಮಗಳಿಗೆ ಮೊದಲು ಒಂದು ಭೂತಗನ್ನಡಿ ತೆಗೆದುಕೊಳ್ಳಲು ಹೇಳಿ, 10 ಪಟ್ಟು ದೊಡ್ಡದು ಮಾಡುವಂಥದ್ದು, ನಮ್ಮಲ್ಲಿ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುತ್ತಾರಲ್ಲ ಅದೇ. ನಿಮ್ಮ ತಂದೆಯವರು ಆಫ್‌ಸೆಟ್ ಹಾಳೆಯ ಮೇಲೆ ಇದೇ ಥರದ ಗಾಜು ಇಟ್ಟು ಡಾಟ್ ನೋಡಿರುತ್ತಾರೆ. ಅದೇ ನಾಲ್ಕು ಬಣ್ಣದ ಡಾಟ್ ಸಾಲುಸಾಲಾಗಿ, ಹೂವಿನ ಆಕಾರದಲ್ಲಿ ಕಂಡರೆ ಅದು ಆಫ್‌ಸೆಟ್, ಬೆಲೆ ಮಾತಾಡುವುದೇ ಬೇಡ. ಇಂಕ್‌ಜೆಟ್ ಆದರೆ ಶಾಯಿ ಸಿಂಪಡಿಸಿದ ಹಾಗೆ ತೀರಾ ಸಣ್ಣ ಚುಕ್ಕೆ. ಅಕ್ವಾಟಿಂಟ್‌ನಲ್ಲಿ ಬಿಳಿ ಚುಕ್ಕೆಗಳ ಸುತ್ತ ಬಣ್ಣದ ಬಲೆ ಕಾಣುತ್ತದೆ, ಒಂದರಂತೆ ಒಂದು ಇರುವುದಿಲ್ಲ, ಸಾಲೂ ಇರುವುದಿಲ್ಲ. ಕೈ ಲಿಥೊದಲ್ಲಿ ಕಲ್ಲಿನ ಮೇಲೆ ಮೇಣದ ಕಡ್ಡಿ ಎಳೆದ ಒರಟು ಗುರುತು. ಪೊಶ್ವಾರ್ ಆದರೆ ಹಾಳೆಯನ್ನು ಓರೆ ಬೆಳಕಿನಲ್ಲಿ ಹಿಡಿಯಿರಿ, ಬಣ್ಣದ ಅಂಚು ಸ್ವಲ್ಪ ಉಬ್ಬಿರುತ್ತದೆ, ಕುಂಚದ ಗೆರೆಯೂ ಕಾಣಬಹುದು. ಕೆಲವು ಹಳೆಯ ಪೊಶ್ವಾರ್‌ಗಳಲ್ಲಿ ಕೆಳಗಿನ ಗೆರೆಗಳನ್ನು ಕೊಲೊಟೈಪ್ ಎಂಬ ಹಳೆಯ ಫೋಟೊ ಮುದ್ರಣ ವಿಧಾನದಲ್ಲಿ ಅಚ್ಚು ಹಾಕಿರುತ್ತಾರೆ, ಅದರಲ್ಲಿ ಡಾಟ್ ಇಲ್ಲ, ಸುಕ್ಕು ಸುಕ್ಕಾದ ಸಣ್ಣ ಕಣ ಇರುತ್ತದೆ, ಅದನ್ನು ನೋಡಿ ಹೆದರಬೇಡಿ.

ಪ್ಲೇಟು ಕಾಗದದಲ್ಲಿ ಒತ್ತಿದ ತಗ್ಗು ಗುರುತು ಅಕ್ವಾಟಿಂಟಿನ ಸುತ್ತ ಇರಬೇಕು. ಇದ್ದ ಮಾತ್ರಕ್ಕೆ ಖಾತ್ರಿ ಅಂತ ಅಲ್ಲ, ಆಫ್‌ಸೆಟ್ ಹಾಳೆಗೆ ಖಾಲಿ ತಗಡು ಒತ್ತಿ ಈ ಗುರುತು ಮೂಡಿಸುವವರಿದ್ದಾರೆ. ಅಂಚಿನವರೆಗೆ ಕತ್ತರಿಸಿದ್ದರೆ ಯಾಕೆ ಎಂದು ಕೇಳಿ.

ಕಾಗದಕ್ಕೆ ಇನ್ನೊಂದು ಪರೀಕ್ಷೆ ಇದೆ. ಅಂಗಡಿಗಳಲ್ಲಿ ನೋಟು ನೋಡಲು ಇಟ್ಟಿರುವ ನೇರಳೆ ದೀಪ, ಯುವಿ ಟಾರ್ಚ್, ಅದನ್ನು ಕತ್ತಲೆ ಕೋಣೆಯಲ್ಲಿ ಹಾಳೆಯ ಮೇಲೆ ಬಿಡಬೇಕು. ಕಾಗದವನ್ನು ಹೆಚ್ಚು ಬೆಳ್ಳಗೆ ತೋರಿಸುವ ರಾಸಾಯನಿಕ ಬಳಕೆಗೆ ಬಂದದ್ದು ಸುಮಾರು 1950ರಿಂದ ಈಚೆಗೆ. 1920ರ ದಶಕದ್ದು ಎನ್ನುವ ಹಾಳೆ ನೀಲಿ-ಬಿಳಿಯಾಗಿ ಹೊಳೆದರೆ ಅಲ್ಲಿಗೆ ಮಾತು ಮುಗಿಯಿತು. ಹೊಳೆಯದಿದ್ದರೆ ಒಂದು ಅನುಮಾನ ಕಡಿಮೆಯಾಯಿತು, ಅಷ್ಟೇ.

ಆಮೇಲೆ ಕ್ಯಾಟಲಾಗು, ಅಂದರೆ ಒಬ್ಬ ಚಿತ್ರಕಾರರ ಪ್ರಿಂಟುಗಳನ್ನೆಲ್ಲ ನಂಬರು ಹಾಕಿ ಪಟ್ಟಿ ಮಾಡಿದ ಪುಸ್ತಕ. ವಿಯೋನ್ ಪ್ರಿಂಟುಗಳಿಗೆ ಜಿನೆಸ್ತೆ-ಪೂಯೋನ್ ಕ್ಯಾಟಲಾಗಿನ ನಂಬರು ಇರುತ್ತದೆ. ಬ್ರಾಕ್ ಪ್ರಿಂಟುಗಳಿಗೆ ವಾಲಿಯೆ, ಪಿಕಾಸೊಗೆ ಬ್ಲಾಕ್ ಅಥವಾ ಬೇರ್. ಮಾರುವವರು ನಂಬರು ಕೊಟ್ಟರೆ ಅದರಲ್ಲಿ ಬರೆದ ಪ್ಲೇಟಿನ ಅಳತೆ, ಆವೃತ್ತಿಯ ಸಂಖ್ಯೆ ನಿಮ್ಮ ಹಾಳೆಗೆ ಹೊಂದುತ್ತದಾ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬೇಕು.

ಸಹಿಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ವಿಯೋನ್ ಪ್ರಿಂಟುಗಳಲ್ಲಿ ಕೆಲವದರ ಮೇಲೆ ವಿಯೋನ್ ಸಹಿಯ ಜೊತೆ ಮೂಲ ಚಿತ್ರಕಾರರ ಪೆನ್ಸಿಲ್ ಸಹಿಯೂ ಇರುತ್ತದೆ, ಅದಕ್ಕೆ ಬೆಲೆ ಬಹಳ ಏರುತ್ತದೆ. ಆ ಹೆಚ್ಚುವರಿ ದುಡ್ಡು ನೀವು ಕೊಡಬೇಡಿ. ಪೆನ್ಸಿಲ್ ಸಹಿಯನ್ನು ಹಾಕುವುದು ಸುಲಭ, ಪ್ಲೇಟು ಮಾಡುವುದು ಸುಲಭವಲ್ಲ. ಸಹಿ ನಿಜವೇ ಆಗಿದ್ದರೂ ಅದರ ಕೆಳಗಿನ ಹಾಳೆ ಎಂಥದ್ದು ಎಂಬ ಪ್ರಶ್ನೆ ಉಳಿದೇ ಇರುತ್ತದೆ. 1974ರಲ್ಲಿ ಫ್ರಾನ್ಸಿನ ಕಸ್ಟಮ್ಸ್‌ನವರು ಒಂದು ಲಾರಿ ತಡೆದಾಗ ಅದರಲ್ಲಿ ಚಿತ್ರಕಾರ ಸಾಲ್ವದೋರ್ ದಾಲಿ ಸಹಿ ಹಾಕಿದ ಸಾವಿರಾರು ಖಾಲಿ ಹಾಳೆ ಸಿಕ್ಕವು. ಸಹಿ ಮೊದಲು, ಚಿತ್ರ ಆಮೇಲೆ. ಬ್ರಾಕ್ ಸಹಿ ಇಲ್ಲದ, ವಿಯೋನ್ ಸಹಿ ಮಾತ್ರ ಇರುವ ಒಳ್ಳೆಯ ಬಣ್ಣದ ಪ್ರತಿ ಸಿಕ್ಕರೆ ಅದೇ ನಿಮ್ಮದು.

ಹಾಳೆಯ ಸ್ಥಿತಿ ನೋಡುವುದನ್ನು ಮರೆಯಬೇಡಿ. ವಿಯೋನ್ ಪ್ರಿಂಟುಗಳನ್ನು ಜನ ಕೊಂಡದ್ದು ಮನೆಯಲ್ಲಿ ತೂಗುಹಾಕಲು. ಹಾಗಾಗಿ ಎಷ್ಟೋ ಹಾಳೆಗಳು ಬೆಳಕಿಗೆ ಕಂದಿವೆ, ಮೌಂಟ್ ಕಿಟಕಿಯ ಅಂಚಿನಲ್ಲಿ ಕಂದು ಗೆರೆ ಬಿದ್ದಿದೆ, ಕೆಲವನ್ನು ಫ್ರೇಮಿಗೆ ಹೊಂದಿಸಲು ಕತ್ತರಿಸಿದ್ದಾರೆ. ಕಂದು ಗೆರೆಯನ್ನು ಕಾಗದ ಸಂರಕ್ಷಣೆ ಮಾಡುವವರು ಸ್ವಲ್ಪ ತಿಳಿ ಮಾಡಬಹುದು. ಬಣ್ಣ ಕಂದಿದ್ದರೆ ಅದು ತಿರುಗಿ ಬರುವುದಿಲ್ಲ. ಫ್ರೇಮಿನಿಂದ ಹೊರಗೆ ತೆಗೆದು, ಮುಂದೆ ಹಿಂದೆ ಎರಡೂ ಕಡೆ, ಹಗಲು ಬೆಳಕಿನಲ್ಲಿ ಫೋಟೊ ಕೇಳಿ. ಫ್ರೇಮ್ ಬಿಚ್ಚಲು ಒಪ್ಪದವರ ಹತ್ತಿರ ಕೊಳ್ಳಬೇಡಿ.

ತರಿಸುವಾಗ ಕಸ್ಟಮ್ಸ್ ಸುಂಕ, ಜಿಎಸ್‌ಟಿ ಎರಡೂ ಬರುತ್ತವೆ. ಕೈಯಿಂದ ಮಾಡಿದ ಪ್ಲೇಟಿನ ಮೂಲ ಪ್ರಿಂಟಿಗೂ ಫೋಟೊ ಮೂಲಕ ಅಚ್ಚಾದ ಚಿತ್ರಕ್ಕೂ ಕಸ್ಟಮ್ಸ್‌ನಲ್ಲಿ ಬೇರೆ ಬೇರೆ ಶೀರ್ಷಿಕೆ ಇದೆ, ಮೊದಲನೆಯದು 9702. ಬಿಲ್ಲಿನಲ್ಲಿ ‘ಪ್ರಿಂಟ್’ ಎಂದಷ್ಟೇ ಬರೆಸಬೇಡಿ. ಪ್ಲೇಟು ಯಾರು ಮಾಡಿದ್ದು, ವಿಧಾನ ಯಾವುದು, ವರ್ಷ ಎಷ್ಟು, ಎಲ್ಲ ಬರೆಸಿ. ಸುಂಕ ಎಷ್ಟಾಗುತ್ತದೆ ಅಂತ ಕೊರಿಯರ್‌ನವರನ್ನು ಕಳಿಸುವ ಮೊದಲೇ ಕೇಳಿ. ಗಾಜು ಹಾಕಿದ ಫ್ರೇಮ್ ಸಮೇತ ಬೇಡ, ಹಾಳೆ ಮಾತ್ರ ಎರಡು ಗಟ್ಟಿ ಬೋರ್ಡಿನ ನಡುವೆ ಚಪ್ಪಟೆಯಾಗಿ ಬರಲಿ. ಸುರುಳಿ ಸುತ್ತಿ ಕಳಿಸಲು ಬಿಡಬೇಡಿ.

ಕೊನೆಯದಾಗಿ ಧಾರವಾಡದ ಮಳೆ. ಗದಗಿನಲ್ಲಿ ಧೂಳು, ಬಿಸಿಲು ಜಾಸ್ತಿ, ಕಾಗದ ಒಣಗಿದ ಹಾಗೆ ಇರುತ್ತದೆ. ಧಾರವಾಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಪಶ್ಚಿಮದ ಹೊರಗೋಡೆಗೆ ಗಾಳಿಮಳೆ ನೇರ ಬಡಿಯುತ್ತದೆ, ಆ ಗೋಡೆಯ ಒಳಬದಿಗೆ ಯಾವ ಕಾಗದದ ಚಿತ್ರವನ್ನೂ ತೂಗಬೇಡಿ. ಮನೆಯ ನಡುವಿನ ಒಳಗೋಡೆ ಆರಿಸಿ, ಕಿಟಕಿ ಬೆಳಕು ನೇರ ಬೀಳದ ಕಡೆ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಹಿಂದೆ ಸಣ್ಣ ಕಾರ್ಕ್ ತುಂಡು ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ತೇವ ನಿಂತರೆ ಹಾಳೆಯಲ್ಲಿ ಕಂದು ಚುಕ್ಕೆ ಏಳುತ್ತವೆ, ಬೂಷ್ಟು ಬರುತ್ತದೆ, ಸಿಲ್ವರ್‌ಫಿಶ್ ಬರುತ್ತವೆ.

ಫ್ರೇಮ್ ಹಾಕಿಸುವಾಗ ಅಂಗಡಿಯಲ್ಲಿ ನೀವೇ ನಿಂತುಕೊಳ್ಳಿ. ನಮ್ಮ ಊರುಗಳ ಫ್ರೇಮ್ ಅಂಗಡಿಗಳಲ್ಲಿ ಹಾಳೆಯನ್ನು ಬೋರ್ಡಿಗೆ ಪೂರ್ತಿ ಅಂಟಿಸಿ ಲ್ಯಾಮಿನೇಷನ್ ಮಾಡಿಬಿಡುವ ರೂಢಿ ಇದೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಪ್ರಿಂಟ್ ಅಲ್ಲಿಗೆ ಸತ್ತ ಹಾಗೆ. ಸೆಲ್ಲೊಟೇಪ್ ಬೇಡ, ಫೆವಿಕಾಲ್ ಬೇಡ, ಹಿಂದೆ ಪ್ಲೈವುಡ್ ಹಲಗೆಯೂ ಬೇಡ. ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಬೆಂಗಳೂರಿನಿಂದಲೋ ಪುಣೆಯಿಂದಲೋ ತರಿಸಿ. ಹಾಳೆಯ ಮೇಲಂಚಿಗೆ ಮಾತ್ರ ಜಪಾನಿ ಕಾಗದದ ಎರಡು ಸಣ್ಣ ಪಟ್ಟಿ, ಗೋಧಿ ಪಿಷ್ಟದ ಗಂಜಿಯಲ್ಲಿ ಅಂಟಿಸಿದ್ದು, ಅಷ್ಟು ಸಾಕು. ಗಾಜು ಹಾಳೆಗೆ ತಾಗಬಾರದು. ಹುಬ್ಬಳ್ಳಿ, ಧಾರವಾಡ, ಗದಗಿನ ಚಿತ್ರಕಲಾ ಶಾಲೆಗಳಲ್ಲಿ ಗ್ರಾಫಿಕ್ಸ್ ಕಲಿಸಿದವರು ಸಿಕ್ಕರೆ ಇದನ್ನೆಲ್ಲ ಮುಂದೆ ನಿಂತು ಮಾಡಿಸಿಕೊಡುತ್ತಾರೆ. ಅವರ ಹತ್ತಿರ ಒಂದು ಅಕ್ವಾಟಿಂಟ್ ತಗಡನ್ನೂ ತೋರಿಸಿ ಎಂದು ಕೇಳಿ, ಬೆರಳಿಗೆ ಅದರ ಒರಟು ತಾಗಿದರೆ ನಾನು ಇಲ್ಲಿ ಬರೆದದ್ದು ಬೇಗ ಅರ್ಥ ಆಗುತ್ತದೆ.

ಬೋರ್ಡ್, ಗಾಜು, ಫ್ರೇಮ್ ಎಲ್ಲ ಮೊದಲೇ ತರಿಸಿಟ್ಟುಕೊಳ್ಳಿ. ಮಗಳು ವಿಯೋನ್ ಪ್ರಿಂಟಿನ ಹಿಂಬದಿಯ ಫೋಟೊ, ಪ್ಲೇಟಿನ ಅಳತೆ, ಕ್ಯಾಟಲಾಗಿನ ನಂಬರು ಕಳಿಸಿದ ಮೇಲೆ ನನಗೂ ಕಳಿಸಿ, ಕೂತು ನೋಡಿ ಹೇಳುತ್ತೇನೆ. ಅಲ್ಲಿವರೆಗೆ ಅಡ್ವಾನ್ಸ್ ಕೊಡಬೇಡಿ. ಹಾಳೆಯನ್ನು ನವೆಂಬರ್ ದಾಟಿದ ಮೇಲೆ, ಗಾಳಿ ಒಣಗಿದಾಗ ತರಿಸಿ, ಆಗಲೇ ಫ್ರೇಮ್ ಮುಚ್ಚಿಸಿ.